ಫ್ಲ್ಯಾಕ್ ಮಾಡಿದ ಮಾತ್ರಕ್ಕೆ ಹೋದ ದನಿ ಬರುವುದಿಲ್ಲ

ಸ್ವಂತ ಮ್ಯೂಸಿಕ್ ಸರ್ವರ್ (ತಮ್ಮ ಹಾಡುಗಳನ್ನು ಫೋನಿಗೆ ಕಳಿಸುವ ಮನೆಯ ಕಂಪ್ಯೂಟರ್) ಕಟ್ಟಲು ಹೊರಟವರಲ್ಲಿ ಬೇರೂರಿರುವ ನಂಬಿಕೆಯೊಂದಿದೆ: ಇರುವ ಎಂಪಿ3 ಫೈಲ್‌ಗಳನ್ನೆಲ್ಲ ಫ್ಲ್ಯಾಕ್‌ಗೆ (ಏನನ್ನೂ ಕಳೆಯದೆ ದನಿಯನ್ನು ಕುಗ್ಗಿಸಿಡುವ ಫೈಲ್ ಬಗೆ) ಬದಲಿಸಿಬಿಟ್ಟರೆ ಹಾಡಿನ ಗುಣಮಟ್ಟ ಏರುತ್ತದೆ ಎಂದು. ಏರುವುದು ಫೈಲಿನ ಗಾತ್ರ ಮಾತ್ರ. ದನಿ ಎಳ್ಳಷ್ಟೂ ಸುಧಾರಿಸುವುದಿಲ್ಲ. ಏಕೆಂದು ತಿಳಿಯಬೇಕಾದರೆ ಎಂಪಿ3 ಕಳೆಯುವುದೇನು ಎಂದು ನೋಡಬೇಕು.

ಆಡಿಯೊ ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್ (ದನಿಯ ಅಳತೆ), ತಲಾ 16 ಬಿಟ್, ಎರಡು ಚಾನೆಲ್: ಒಟ್ಟು ಸೆಕೆಂಡಿಗೆ 1,411 ಕಿಲೊಬಿಟ್. 128 ಕಿಲೊಬಿಟ್‌ನ ಎಂಪಿ3 ಇದನ್ನೆಲ್ಲ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸುತ್ತದೆ.

ಇಳಿಸಿದರೂ ಹಾಡು ಹಾಡಾಗಿಯೇ ಕೇಳಿಸುವುದು ಮಾಸ್ಕಿಂಗ್‌ನಿಂದ, ಅಂದರೆ ಜೋರಾದ ಸ್ವರ ಪಕ್ಕದ ಕ್ಷೀಣ ಸ್ವರವನ್ನು ಮುಚ್ಚಿಬಿಡುವುದರಿಂದ. ಒಳಕಿವಿಯ ಕಾಕ್ಲಿಯದಲ್ಲಿರುವ ಪೊರೆಯ ಒಂದೊಂದು ಜಾಗ ಒಂದೊಂದು ಕಂಪನಾಂಕಕ್ಕೆ ಹೆಚ್ಚು ಅದುರುತ್ತದೆ. 1,000 ಹರ್ಟ್ಸ್‌ನ ಸ್ವರ ಜೋರಾಗಿ ಬಂದರೆ ಅದರ ಅಕ್ಕಪಕ್ಕದ ಜಾಗವೂ ಅದುರುತ್ತದೆ. ಆಗ 1,100 ಹರ್ಟ್ಸ್‌ನ ಕ್ಷೀಣ ಸ್ವರ ಗಾಳಿಯಲ್ಲಿದ್ದರೂ ಕಿವಿಗೆ ಇಲ್ಲ. ಎಂಪಿ3 ಎನ್‌ಕೋಡರ್ (ಎಂಪಿ3 ಫೈಲ್ ತಯಾರಿಸುವ ತಂತ್ರಾಂಶ) ಹಾಡನ್ನು 1,152 ಸ್ಯಾಂಪಲ್‌ಗಳ, ಅಂದರೆ ಸುಮಾರು 26 ಮಿಲಿಸೆಕೆಂಡಿನ ತುಣುಕುಗಳಾಗಿ ತೆಗೆದುಕೊಂಡು, ಯಾವ ಕಂಪನಾಂಕದಲ್ಲಿ ಎಷ್ಟು ತಪ್ಪು ಮುಚ್ಚಿಹೋಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಅಷ್ಟರಮಟ್ಟಿಗೆ ಅಂಕಿಗಳನ್ನು ದುಂಡಾಗಿಸುತ್ತದೆ. 7.3 ಇದ್ದದ್ದೂ 7, 6.8 ಇದ್ದದ್ದೂ 7. ಆಮೇಲೆ ಫ್ಲ್ಯಾಕ್ ಮಾಡಿದರೆ ಅದು ಆ 7ನ್ನೇ ನಿಷ್ಠೆಯಿಂದ ಕಾಪಾಡುತ್ತದೆ. 7.3 ಎಲ್ಲಿಂದ ಬರಬೇಕು?

ಎಂಪಿ3ಯನ್ನು ಮತ್ತೆ ಓಪಸ್‌ಗೆ (ಎಂಪಿ3ಯಂತೆಯೇ ಕಳೆದು ಕುಗ್ಗಿಸುವ ಇನ್ನೊಂದು ಬಗೆ) ಇಳಿಸಿದರಂತೂ ಇನ್ನೂ ಕೆಡುಕು. ಎರಡನೇ ಎನ್‌ಕೋಡರ್ ಬೇರೆ ಗಡಿಗಳಲ್ಲಿ ತುಂಡರಿಸಿ ಮತ್ತೊಮ್ಮೆ ದುಂಡಾಗಿಸುತ್ತದೆ. ತಪ್ಪಿಗೆ ತಪ್ಪು ಕೂಡಿ ಮಾಸ್ಕಿಂಗ್‌ನ ಮಿತಿ ದಾಟಬಹುದು. ಇದು ಮೊದಲು ಬಯಲಾಗುವುದು ತಾಳ, ಸಿಂಬಲ್‌ಗಳ ನಾದದಲ್ಲಿ. ಹಾಗಾಗಿ ಇರುವ ಎಂಪಿ3ಯನ್ನು ಇದ್ದಂತೆಯೇ ಬಿಡಿ. ಮೂಲ ಸಿಡಿ ಇದ್ದರೆ ಅದರಿಂದ ಫ್ಲ್ಯಾಕ್ ತೆಗೆಯಿರಿ.

ತೆಗೆಯುವಾಗ ಒಂದು ಎಚ್ಚರ. ಡೇಟಾ ಸಿಡಿಯ ಸೆಕ್ಟರಿನಲ್ಲಿ (2,352 ಬೈಟಿನ ಒಂದು ತುಂಡು) 2,048 ಬೈಟ್ ಮಾತ್ರ ಮಾಹಿತಿ, ಉಳಿದ ಜಾಗದಲ್ಲಿ ಹೆಚ್ಚಿನ ತಪ್ಪು ತಿದ್ದುವ ಸಂಕೇತಗಳೂ ಇರುತ್ತವೆ. ಆಡಿಯೊ ಸಿಡಿಯಲ್ಲಿ 2,352 ಬೈಟೂ ಧ್ವನಿಗೇ. ಗೀರು ಬಿದ್ದಲ್ಲಿ ಡ್ರೈವ್ ಸದ್ದಿಲ್ಲದೆ ಊಹಿಸಿ ತುಂಬಿಬಿಡಬಹುದು. ಅದಕ್ಕೇ ಸೆಕ್ಯೂರ್ ಮೋಡ್ (ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ಹೋಲಿಸುವ ವಿಧಾನ) ಬಳಸಿ, ಅದೇ ಸಿಡಿಯಿಂದ ಇತರರು ತೆಗೆದ ಫಲಿತಾಂಶಗಳಿರುವ ಅಕ್ಯುರೇಟ್‌ರಿಪ್‌ನ ಚೆಕ್‌ಸಮ್ (ದತ್ತಾಂಶದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಜತೆ ತಾಳೆ ನೋಡಬೇಕು.

ಸರ್ವರ್‌ಗೆ ನ್ಯಾವಿಡ್ರೋಮ್ ಎಂಬ ಮ್ಯೂಸಿಕ್ ಸರ್ವರ್ ತಂತ್ರಾಂಶ ಸಾಕು. ಹಳೆಯ ಲ್ಯಾಪ್‌ಟಾಪ್, ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಯಾವುದಾದರೂ ಆದೀತು. ಡಾಕರ್‌ನಲ್ಲಿ (ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಸಾಧನ) 4533ನೇ ಪೋರ್ಟಿನಲ್ಲಿ ಓಡಿಸಿ, ಹಾಡಿನ ಫೋಲ್ಡರ್‌ಗೆ ಓದುವ ಅನುಮತಿ ಮಾತ್ರ ಕೊಡಿ. ಲೈಬ್ರರಿ ಖಾಲಿ ಕಂಡರೆ ಕಂಟೇನರಿನ ಯೂಸರ್‌ಗೆ ಆ ಓದುವ ಅನುಮತಿಯೂ ಸಿಕ್ಕಿದೆಯೇ ಎಂದು ಮೊದಲು ನೋಡಿ. ನ್ಯಾವಿಡ್ರೋಮ್ ತನ್ನ ಮಾಹಿತಿ ಇಡುವ ಡೇಟಾ ಫೋಲ್ಡರ್ ಮಾತ್ರ ಸರ್ವರಿನದೇ ಡಿಸ್ಕಿನಲ್ಲಿರಲಿ: ಒಳಗಿರುವ ಎಸ್‌ಕ್ಯುಲೈಟ್ ಡೇಟಾಬೇಸ್ ನೆಟ್‌ವರ್ಕ್ ಡ್ರೈವ್ ಮೇಲೆ ಲಾಕ್ ಸರಿಯಾಗಿ ಆಗದೆ ಕೆಡಬಹುದು.

ಮೊಬೈಲ್ ಡೇಟಾದಲ್ಲಿ ಕೇಳಲು, ಸರ್ವರ್ ಫ್ಲ್ಯಾಕನ್ನು ಓಪಸ್ 128 ಕಿಲೊಬಿಟ್‌ಗೆ ಇಳಿಸಿ ಕಳಿಸುವಂತೆ ಇಡಿ. ಗಂಟೆಗೆ 58 ಎಂಬಿ ಆಗುತ್ತದೆ. ಫ್ಲ್ಯಾಕ್ ಆದರೆ 400 ಎಂಬಿಯ ಆಸುಪಾಸು. ಪರಿವರ್ತನೆ ಕಳಿಸುವ ಹೊತ್ತಿನಲ್ಲಷ್ಟೇ ನಡೆಯುವುದರಿಂದ ಮೂಲ ಫೈಲಿಗೆ ಧಕ್ಕೆಯಿಲ್ಲ.

ಹಲವು ಗಾಯಕರಿರುವ ಒಂದೇ ಆಲ್ಬಮ್ ಹತ್ತಾರು ಚೂರಾಗಿ ಕಂಡರೆ ಫೋಲ್ಡರ್ ಜೋಡಿಸಿ ಪ್ರಯೋಜನವಿಲ್ಲ. ನ್ಯಾವಿಡ್ರೋಮ್ ನೋಡುವುದು ಟ್ಯಾಗನ್ನು, ಅಂದರೆ ಫೈಲಿನೊಳಗೇ ಬರೆದಿರುವ ಹಾಡು, ಗಾಯಕರ ವಿವರವನ್ನು. ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಎಂಬ ಟ್ಯಾಗ್ ತಿದ್ದುವ ತಂತ್ರಾಂಶದಲ್ಲಿ ಎಲ್ಲ ಟ್ರ್ಯಾಕ್‌ಗಳಿಗೂ ಒಂದೇ ಆಲ್ಬಮ್ ಆರ್ಟಿಸ್ಟ್ ಹೆಸರು ತುಂಬಿ ಮತ್ತೆ ಸ್ಕ್ಯಾನ್ ಮಾಡಿಸಿ, ಚೂರುಗಳೆಲ್ಲ ಒಂದಾಗುತ್ತವೆ.