ಟ್ರಾನ್ಸಿಸ್ಟರ್ ಹುಟ್ಟಿದ್ದು ಹೇಗೆ: ನನ್ನ ನೋಟ್ಸ್

ಟ್ರಾನ್ಸಿಸ್ಟರ್ ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ನಿಯಂತ್ರಿಸೋ ಪುಟ್ಟ ಸಾಧನ. ಗೈಡ್‌ಗಳಲ್ಲಿ ಅದರ ಬಗ್ಗೆ ಒಂದೇ ಸಾಲು ಇರತ್ತೆ, ಟ್ರಾನ್ಸಿಸ್ಟರ್, 1947, ಬಾರ್ಡೀನ್, ಬ್ರಾಟನ್, ಶಾಕ್ಲಿ ಅಂತ. ಬಾಯಿಪಾಠ ಮಾಡಿದ್ರೆ ಒಂದು ಮಾರ್ಕ್ಸ್ ಸಿಗತ್ತೆ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ರೆ ತಡವರಿಸ್ತೀವಿ. ಅದಕ್ಕೇ ಪ್ರತಿ ಹೆಜ್ಜೆನೂ ಯಾವ ತೊಂದರೆಗೆ ಉತ್ತರ ಅಂತ ನೋಡ್ಕೊಂಡು ಓದಿದೆ, ಆಮೇಲೆ ಇಸವಿಗಳು ತಾವಾಗೇ ನೆನಪಲ್ಲಿ ಉಳಿದ್ವು.

ಮೊದಲನೇ ತೊಂದರೆ ವಾಲ್ವ್, ಟ್ರಾನ್ಸಿಸ್ಟರ್ ಬರೋ ಮುಂಚೆ ಈ ಕೆಲಸ ಮಾಡ್ತಿದ್ದ ಸಾಧನ. ಗಾಜಿನ ಬುರುಡೆ, ಒಳಗೆ ಗಾಳಿ ಇಲ್ಲ, ಒಂದು ತಂತಿ ಕಾದಾಗ ಎಲೆಕ್ಟ್ರಾನ್ ಹೊರಬಂದು ಎದುರಿನ ತಗಡಿಗೆ ಹೋಗತ್ತೆ, ಮಧ್ಯದ ಜಾಲರಿ ಅದನ್ನ ಹಿಡಿತದಲ್ಲಿ ಇಡತ್ತೆ. ಹಳೇ ರೇಡಿಯೋ ಆನ್ ಮಾಡಿದ ತಕ್ಷಣ ಮಾತಾಡ್ತಿರಲಿಲ್ವಲ್ಲ, ಈ ಕಾಯೋದಕ್ಕೇ ಅಷ್ಟು ಹೊತ್ತು. ಕರೆಂಟ್ ಜಾಸ್ತಿ ತಿನ್ನತ್ತೆ, ಬಲ್ಬ್ ಥರ ಸುಟ್ಟೂ ಹೋಗತ್ತೆ. 1946ರಲ್ಲಿ ಜನರ ಮುಂದೆ ಬಂದ ಎನಿಯಾಕ್ ಕಂಪ್ಯೂಟರ್‌ನಲ್ಲಿ ಸುಮಾರು 18,000 ವಾಲ್ವ್ ಇದ್ವು, ತೂಕ ಸುಮಾರು 30 ಟನ್.

ಈ ಮೂವರೂ ಕೆಲಸ ಮಾಡ್ತಿದ್ದ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾಲಯ ಆಗ ಟೆಲಿಫೋನ್ ಕಂಪನಿಗೆ ಸೇರಿತ್ತು. ತಂತಿಯಲ್ಲಿ ದೂರ ಹೋದಷ್ಟೂ ಧ್ವನಿ ಕ್ಷೀಣ ಆಗತ್ತೆ, ಅದನ್ನ ದಾರಿಯಲ್ಲೇ ದೊಡ್ಡದು ಮಾಡ್ಬೇಕು, ಆ ಕೆಲಸಕ್ಕೆ ವಾಲ್ವ್ ಬಿಟ್ಟು ಇನ್ನೇನಾದ್ರೂ ಬೇಕಿತ್ತು. ಶಾಕ್ಲಿ 1945ರಲ್ಲಿ ಒಂದು ಉಪಾಯ ಮಾಡಿದ, ಅರೆವಾಹಕದ (ಜರ್ಮೇನಿಯಂ, ಸಿಲಿಕಾನ್ ಥರ ವಿದ್ಯುತ್ ಅರ್ಧಂಬರ್ಧ ಹರಿಯೋ ವಸ್ತು) ಹೊರಗಿಂದ ವಿದ್ಯುತ್ ಕ್ಷೇತ್ರ ಹಾಕಿ ಒಳಗಿನ ಪ್ರವಾಹನ ನಿಯಂತ್ರಿಸೋದು, ಕೆಲಸ ಮಾಡ್ಲಿಲ್ಲ. ಯಾಕೆ ಅಂತ ಹೇಳಿದ್ದು ಬಾರ್ಡೀನ್: ಎಲೆಕ್ಟ್ರಾನ್‌ಗಳು ಮೇಲ್ಮೈಯಲ್ಲೇ ಸಿಕ್ಕಿಹಾಕ್ಕೊಂಡು ಕ್ಷೇತ್ರ ಒಳಗೆ ಹೋಗದ ಹಾಗೆ ತಡೀತಿವೆ. ನನ್ನ ಪ್ರಕಾರ ಇಡೀ ಕಥೆಯ ಜೀವಾಳ ಇದೇ, ಸೋಲಿನ ಕಾರಣ ಗೊತ್ತಾಗಿದ್ದಕ್ಕೇ ಮುಂದಿನ ದಾರಿ ಕಂಡಿದ್ದು.

ಬ್ರಾಟನ್ ಕೈಚಳಕ ಇದ್ದೋನು. ಪ್ಲಾಸ್ಟಿಕ್‌ನ ತ್ರಿಕೋನದ ತುಂಡಿಗೆ ಚಿನ್ನದ ಹಾಳೆ ಸುತ್ತಿ, ಅದರ ತುದೀಲಿ ಬ್ಲೇಡಿಂದ ಕೂದಲೆಳೆಯಷ್ಟು ಸೀಳಿ ಎರಡು ಮೊನೆ ಮಾಡಿ, ಸ್ಪ್ರಿಂಗ್ ಇಟ್ಟು ಜರ್ಮೇನಿಯಂ ಮೇಲೆ ಒತ್ತಿದ. ಈ ಮೊದಲ ಟ್ರಾನ್ಸಿಸ್ಟರ್ 1947 ಡಿಸೆಂಬರ್ 16ಕ್ಕೆ ಕೆಲಸ ಮಾಡ್ತು, 23ಕ್ಕೆ ಲ್ಯಾಬ್‌ನ ದೊಡ್ಡೋರಿಗೆ ತೋರಿಸಿದ್ರು.

ಶಾಕ್ಲಿಗೆ ಆ ಸಾಧನದ ಪೇಟೆಂಟ್‌ನಲ್ಲಿ ಹೆಸರು ಸಿಗ್ಲಿಲ್ಲ. ಆ ಸಂಕಟದಲ್ಲೇ ಕೂತು 1948ರ ಜನವರಿಯಲ್ಲಿ ಜಂಕ್ಷನ್ ಟ್ರಾನ್ಸಿಸ್ಟರ್ ಕಲ್ಪನೆ ಮಾಡಿದ. ಮೊದಲಿನದರಲ್ಲಿ ಚುಚ್ಚಿ ನಿಲ್ಲಿಸೋ ಮೊನೆಗಳು ಅಲುಗಾಡಿದ್ರೆ ಕೆಟ್ಟುಹೋಗ್ತಿದ್ವು, ಜಂಕ್ಷನ್ ಟ್ರಾನ್ಸಿಸ್ಟರ್‌ನಲ್ಲಿ ಮೂರೂ ಪದರ ಹರಳಿನ ಒಳಗೇ ಇರತ್ತೆ. ಪಠ್ಯದಲ್ಲಿ ನಾವು ಓದೋ ಎಮಿಟರ್, ಬೇಸ್, ಕಲೆಕ್ಟರ್ ಚಿತ್ರ ಇದೇದು.

ಕೆಲಸ ಹೇಗೆ ಅಂದ್ರೆ, ಕೆರೆ ತೂಬು ನೆನೆಸ್ಕೊಳ್ಳಿ. ತೂಬು ಎತ್ತೋಕೆ ಸ್ವಲ್ಪ ಬಲ ಸಾಕು, ಹರಿಯೋದು ಕೆರೆ ನೀರು. ಬೇಸ್‌ಗೆ ಕೊಡೋ ಸಣ್ಣ ಕರೆಂಟ್ ತೂಬಿನ ಕೆಲಸ ಮಾಡತ್ತೆ, ಕಲೆಕ್ಟರ್‌ನಲ್ಲಿ ದೊಡ್ಡ ಕರೆಂಟ್ ಹರಿಯತ್ತೆ. ಟ್ರಾನ್ಸಿಸ್ಟರ್ ತಾನೇ ಶಕ್ತಿ ಹುಟ್ಸತ್ತೆ ಅಂತ ಬರೀಬೇಡಿ, ಶಕ್ತಿ ಬ್ಯಾಟರಿಯದ್ದು.

ಜರ್ಮೇನಿಯಂ ಬಿಸಿಯಾದ್ರೆ ಎಡವಟ್ಟು, ಅದಕ್ಕೇ 1954ರಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರ್ ಬಂತು. ಅದೇ ವರ್ಷ ಜೇಬಲ್ಲಿ ಇಟ್ಕೊಳ್ಳೋ ರೇಡಿಯೋ, ನಾಲ್ಕೇ ಟ್ರಾನ್ಸಿಸ್ಟರ್. ನಮ್ಮಲ್ಲಿ ರೇಡಿಯೋಗೇ ಟ್ರಾನ್ಸಿಸ್ಟರ್ ಅನ್ನೋ ಹೆಸರು ಬಂದಿದ್ದು ಇಂಥ ಸೆಟ್‌ಗಳಿಂದ. ಮೂವರಿಗೂ ನೊಬೆಲ್ 1956ರಲ್ಲಿ, ಬಾರ್ಡೀನ್‌ಗೆ 1972ರಲ್ಲಿ ಸೂಪರ್‌ಕಂಡಕ್ಟಿವಿಟಿಗೆ (ವಿದ್ಯುತ್ ತಡೆಯೇ ಇಲ್ಲದೆ ಹರಿಯೋದು) ಇನ್ನೊಂದು.

ಕೊನೇ ತೊಂದರೆ ಬೆಸುಗೆ. ಸಾವಿರಾರು ಬಿಡಿಭಾಗ ಕೈಯಲ್ಲಿ ಜೋಡಿಸೋದು ಅಸಾಧ್ಯ ಆಗಿತ್ತು. 1958ರಲ್ಲಿ ಅಮೆರಿಕದ ಎಂಜಿನಿಯರ್ ಕಿಲ್ಬಿ ಎಲ್ಲಾನೂ ಒಂದೇ ಜರ್ಮೇನಿಯಂ ತುಂಡಲ್ಲಿ ಮಾಡಿ ತೋರಿಸಿದ, ಆದ್ರೆ ಸಣ್ಣ ತಂತಿಗಳು ಹೊರಗೆ ಉಳ್ಕೊಂಡ್ವು. 1959ರಲ್ಲಿ ಇನ್ನೊಬ್ಬ ಅಮೆರಿಕನ್, ನಾಯ್ಸ್, ಸಿಲಿಕಾನ್ ಮೇಲೇ ಲೋಹದ ಗೆರೆ ಕೂರಿಸೋ ದಾರಿ ಕೊಟ್ಟ. 2000ದ ನೊಬೆಲ್ ಕಿಲ್ಬಿಗೆ ಬಂತು, ನಾಯ್ಸ್ 1990ರಲ್ಲೇ ತೀರ್ಕೊಂಡಿದ್ದ. ಹೀಗೆ ಒಂದೇ ತುಂಡಲ್ಲಿ ಇರೋ ಸರ್ಕ್ಯೂಟ್‌ಗೇ ಐಸಿ ಅನ್ನೋದು. ಐಸಿ ಯಾರು ಕಂಡುಹಿಡಿದ್ರು ಅಂತ ವಿವರಿಸೋಕೆ ಕೇಳಿದ್ರೆ ಇಬ್ಬರ ಹೆಸರೂ ಬರೀರಿ.