ಚಿಪ್ಪಿನೊಳಗೆ ಸವೆಯುವ ಮೆಮೊರಿ

ಫೋನಾಗಲಿ ಸಣ್ಣ ಕಂಪ್ಯೂಟರಾಗಲಿ ವರ್ಷಗಳು ಕಳೆದಂತೆ ನಿಧಾನವಾದರೆ ಪ್ರೊಸೆಸರ್ ಹಳತಾಯಿತೆಂದು ಅನೇಕರು ಭಾವಿಸುತ್ತಾರೆ. ಇಂಥ ಸಾಧನಗಳ ಸಾಫ್ಟ್‌ವೇರ್ ಬರೆಯುವ ನಾನು ಮೊದಲು ಅನುಮಾನಿಸುವುದು ಬೋರ್ಡಿಗೆ ಬೆಸುಗೆ ಹಾಕಿರುವ ಇಎಂಎಂಸಿ ಎಂಬ ಸ್ಟೋರೇಜ್ ಚಿಪ್ಪನ್ನು. ದತ್ತಾಂಶವಿಡುವ ನ್ಯಾಂಡ್ ಫ್ಲ್ಯಾಶ್, ಅದನ್ನು ನಿರ್ವಹಿಸುವ ಕಂಟ್ರೋಲರ್ ಎರಡೂ ಅದರೊಳಗಿರುತ್ತವೆ.

ನ್ಯಾಂಡ್ ಫ್ಲ್ಯಾಶಿನಲ್ಲಿ ಬರೆಯುವುದು ಪುಟದ ಲೆಕ್ಕದಲ್ಲಿ, ಅಳಿಸುವುದು ಬ್ಲಾಕಿನ ಲೆಕ್ಕದಲ್ಲಿ. ಪುಟವೆಂದರೆ ಕೆಲವೇ ಕಿಲೋಬೈಟ್. ಅಂಥ ಅನೇಕ ಪುಟಗಳು ಸೇರಿ ಒಂದು ಬ್ಲಾಕ್. ಒಮ್ಮೆ ಬರೆದ ಪುಟದ ಮೇಲೆ, ಅದಿರುವ ಇಡೀ ಬ್ಲಾಕನ್ನು ಅಳಿಸದೆ, ಮತ್ತೆ ಬರೆಯಲು ಬರುವುದಿಲ್ಲ. ಆದ್ದರಿಂದ ಕಂಟ್ರೋಲರ್ ಹೊಸ ದತ್ತಾಂಶವನ್ನು ಬೇರೊಂದು ಖಾಲಿ ಪುಟದಲ್ಲಿ ಬರೆದು, ಹಳೆಯದನ್ನು ರದ್ದೆಂದು ಗುರುತಿಸಿಟ್ಟುಕೊಂಡು, ಮುಂದೆ ಜಾಗ ಬೇಕಾದಾಗ ಆ ಬ್ಲಾಕಿನಲ್ಲಿ ಇನ್ನೂ ಬಳಕೆಯಲ್ಲಿರುವ ಪುಟಗಳನ್ನು ಬೇರೆಡೆಗೆ ಸಾಗಿಸಿ ಅದನ್ನು ಅಳಿಸುತ್ತದೆ. ಸಾಧನ ತನ್ನ ಚಟುವಟಿಕೆಯನ್ನು ದಾಖಲಿಸುವ ಲಾಗ್‌ನ ನೂರು ಬೈಟಿನ ಒಂದು ಸಾಲನ್ನು ಉಳಿಸಿದರೂ ಒಳಗೆ ಅದರ ಹಲವು ಪಟ್ಟು ಬರವಣಿಗೆ ನಡೆಯುವುದು ಹೀಗೆ. ಸ್ಟೋರೇಜ್ ತುಂಬುತ್ತ ಬಂದಂತೆ ಖಾಲಿ ಬ್ಲಾಕುಗಳು ವಿರಳವಾಗಿ ಈ ಸಾಗಾಟ ಹೆಚ್ಚುತ್ತದೆ. ಫೋನು ತಡವರಿಸುವುದಕ್ಕೆ ಇದೂ ಒಂದು ಕಾರಣ.

ಪ್ರತಿ ಬಾರಿ ಅಳಿಸಿ ಬರೆದಾಗಲೂ ಬಿಟ್‌ಗಳನ್ನು ಹಿಡಿದಿಡುವ ಕೋಶದ ನಿರೋಧಕ ಪದರ ಅಷ್ಟಷ್ಟು ಸವೆಯುತ್ತದೆ. ಕೋಶವೊಂದರಲ್ಲಿ 3 ಬಿಟ್ ಇಡುವ ಟಿಎಲ್‌ಸಿ ಫ್ಲ್ಯಾಶ್ ಸಾಮಾನ್ಯವಾಗಿ 1,000ದಿಂದ 3,000 ಸುತ್ತು ತಾಳುತ್ತದೆ. 2021ರಲ್ಲಿ ಟೆಸ್ಲಾ ಸುಮಾರು 1,35,000 ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು 8 ಗಿಗಾಬೈಟಿನ ಇಎಂಎಂಸಿ ಹೀಗೆ ಸವೆಯುತ್ತಿದ್ದುದರಿಂದಲೇ: ಚಿಪ್ಪು ಕೈಕೊಟ್ಟಾಗ ಹಿಂಬದಿಯ ಕ್ಯಾಮೆರಾದ ಚಿತ್ರವೂ ಪರದೆಗೆ ಬರುತ್ತಿರಲಿಲ್ಲ. ಇಎಂಎಂಸಿಯ ಬದಲು ಯುಎಫ್‌ಎಸ್ ಎಂಬ ಇನ್ನೊಂದು ಬಗೆಯ ಸ್ಟೋರೇಜ್ ಚಿಪ್ಪು ಬಳಸಿದರೆ ಈ ಸಮಸ್ಯೆಯಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಏಕಕಾಲಕ್ಕೆ ಓದಿ ಬರೆಯಬಲ್ಲ ಯುಎಫ್‌ಎಸ್ ವೇಗವಾದದ್ದು ನಿಜ, ಆದರೆ ಒಳಗಿರುವುದು ಅದೇ ನ್ಯಾಂಡ್.

ಇಎಂಎಂಸಿ ಮಾನದಂಡದ 5.0 ಆವೃತ್ತಿಯಿಂದೀಚೆಗೆ ಚಿಪ್ಪು ತನ್ನ ಸವೆತವನ್ನು ಶೇ 10ರ ಹಂತಗಳಲ್ಲಿ ತಾನೇ ವರದಿ ಮಾಡುತ್ತದೆ. ಲಿನಕ್ಸ್‌ನಲ್ಲಿ ಇದನ್ನು ಸುಲಭವಾಗಿ ಓದಬಹುದು. ಸಾಧನವನ್ನು ಹೊರಬಿಡುವ ಮೊದಲು ಕೆಲವು ವಾರ ನಿಜವಾದ ಹೊರೆಯಲ್ಲಿ ಓಡಿಸಿ ಈ ಅಂಕಿಯನ್ನು ನೋಡದಿರುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಲಾಗ್‌ಗಳನ್ನು ರ‍್ಯಾಮ್‌ನಲ್ಲಿ ಕೂಡಿಹಾಕಿ ಒಟ್ಟಿಗೆ ಬರೆದರೆ ಚಿಪ್ಪಿನ ಆಯುಸ್ಸು ಗಮನಾರ್ಹವಾಗಿ ಹೆಚ್ಚುತ್ತದೆ.

ಬಳಕೆದಾರರು ಸ್ವಲ್ಪ ಜಾಗವನ್ನು ಸದಾ ಖಾಲಿ ಬಿಡಬೇಕು, ಬ್ಯಾಕಪ್ ಇಟ್ಟುಕೊಳ್ಳಬೇಕು. ಇಂದಿನ ಫೋನುಗಳಲ್ಲಿ ದತ್ತಾಂಶ ಗೂಢಲಿಪಿಯಲ್ಲಿದ್ದು, ಅದನ್ನು ಬಿಡಿಸುವ ಕೀಲಿ ಪ್ರೊಸೆಸರಿಗೆ ಬೆಸೆದುಕೊಂಡಿರುವುದರಿಂದ, ಚಿಪ್ಪನ್ನು ಬಿಚ್ಚಿ ಬೇರೆಡೆ ಜೋಡಿಸಿದರೂ ಒಂದು ಫೋಟೊ ಕೂಡ ಸಿಗುವುದಿಲ್ಲ.