ದಿನಾ ಎಳೆಬಿಸಿಲಿಗೆ ಕೂರ್ತೀನಿ, ಆದರೂ ವಿಟಮಿನ್ ಡಿ 11 ಯಾಕೆ?

ಪ್ರಶ್ನೆ: ನನಗೆ 46 ವರ್ಷ. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ. ಒಮ್ಮೆ 22 ದಿನಕ್ಕೇ ಬರುತ್ತೆ, ಒಮ್ಮೆ ಎರಡು ತಿಂಗಳಾದರೂ ಇಲ್ಲ. ಮೈಕೈ ನೋವು, ಸುಸ್ತು, ರಾತ್ರಿ ನಿದ್ದೆ ಇಲ್ಲ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11 ಬಂದಿದೆ, 20ಕ್ಕಿಂತ ಕೆಳಗಿದ್ದರೆ ಕೊರತೆಯಂತೆ. ದಿನಾ ಬೆಳಗ್ಗೆ ಏಳಕ್ಕೆ ಬಾಲ್ಕನಿಯಲ್ಲಿ ಬಿಸಿಲಿಗೆ ಕೂರ್ತೀನಿ, ರಾಗಿ ಮುದ್ದೆ ತಿಂತೀನಿ. ಆದರೂ ಯಾಕೆ ಹೀಗೆ? ಡಾಕ್ಟರ್ ಬರೆದ ಪುಡಿ ತಗೊಂಡರೆ ಇದೆಲ್ಲ ಸರಿಹೋಗುತ್ತಾ?

ಉತ್ತರ: ಮೊದಲು ಬಿಸಿಲಿನ ವಿಷಯ ಹೇಳಿಬಿಡುತ್ತೇನೆ. ತಪ್ಪು ನಿಮ್ಮದಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸುವುದನ್ನು ನೋಡೇ ಬೆಳೆದವರು ನಾವು. ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬಿಸಿಲಿನಲ್ಲಿರುವ ಯುವಿ-ಬಿ ಅನ್ನುವ ಕಿರಣ ಬೇಕು. ಬೆಳಗ್ಗೆ ಸೂರ್ಯ ಕೆಳಗಿದ್ದಾಗ ಬೆಳಕು ಓರೆಯಾಗಿ, ಗಾಳಿಯ ಪದರದಲ್ಲಿ ಬಹಳ ದೂರ ಹಾದು ಬರುತ್ತದೆ. ದಾರಿಯಲ್ಲೇ ಓಝೋನ್ ಆ ಕಿರಣವನ್ನು ಹೀರಿಕೊಂಡುಬಿಡುತ್ತದೆ. ಏಳು ಗಂಟೆಯ ಬಿಸಿಲು ಬೆಚ್ಚಗಿರುತ್ತದೆ, ಮನಸ್ಸಿಗೂ ನಿದ್ದೆಗೂ ಒಳ್ಳೇದೇ. ಯುವಿ-ಬಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಗುರುತು ಹಿಡಿಯುವುದು ಸುಲಭ. ನಿಂತಾಗ ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು. ನಮ್ಮ ಕಡೆ ಸುಮಾರು ಹನ್ನೊಂದರಿಂದ ಎರಡು ಗಂಟೆ ಒಳ್ಳೆಯ ಹೊತ್ತು. ನಾನು ಇದಕ್ಕೆ ಸಂಡಿಗೆ ಬಿಸಿಲು ಅಂತೀನಿ. ನಮ್ಮಜ್ಜಿ ಬೇಸಿಗೆಯಲ್ಲಿ ತಾರಸಿ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಹನ್ನೊಂದಕ್ಕೊಮ್ಮೆ ಹೋಗಿ ನೋಡೋದು, ಒಂದು ಗಂಟೆಗೆ ಮತ್ತೆ ಹೋಗಿ ಮಗುಚೋದು, ನಡುವೆ ಕೋಲು ಹಿಡಿದು ಕಾಗೆ ಓಡಿಸೋದು. ಸೆರಗು ತಲೆ ಮೇಲೆ, ಮೊಣಕೈಯಿಂದ ಕೆಳಗೆ ಎರಡೂ ಕೈ ಬಯಲು. ಅವರಿಗೆ ಬೇಕಾದ ಬಿಸಿಲು ಆ ಕೆಲಸದಲ್ಲೇ ಸಿಗುತ್ತಿತ್ತು. ನಾವು ಆ ಹೊತ್ತಿನಲ್ಲಿ ಆಫೀಸಿನಲ್ಲೋ ಅಡುಗೆಮನೆಯಲ್ಲೋ ಇರುತ್ತೇವೆ. ಕಿಟಕಿ ಪಕ್ಕ ಕೂತರೂ ಉಪಯೋಗವಿಲ್ಲ, ಗಾಜು ಯುವಿ-ಬಿಯನ್ನು ಒಳಗೆ ಬಿಡುವುದಿಲ್ಲ. ನಿಮ್ಮ ಬಾಲ್ಕನಿಗೆ ಗಾಜು ಹಾಕಿಸಿದ್ದರೆ ಅಲ್ಲೂ ಅಷ್ಟೇ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ವರ್ಷವಿಡೀ ಬೇಕಾದಷ್ಟು ಬಿಸಿಲಿರುವ ಊರು. ಆದರೂ ನಮ್ಮ ಕಂದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಿರಣವನ್ನು ತಡೆಯುವುದರಿಂದ ಬಿಳಿಯರಿಗಿಂತ ನಮಗೆ ಹೆಚ್ಚು ಹೊತ್ತು ಬೇಕು. ವಾರದಲ್ಲಿ ಮೂರ್ನಾಲ್ಕು ದಿನ, ಕೈಕಾಲು ಬಯಲಿಟ್ಟು, ಅರ್ಧ ಗಂಟೆಯಾದರೂ ಸಂಡಿಗೆ ಬಿಸಿಲಿನಲ್ಲಿ ಓಡಾಡಿ. ಮುಖಕ್ಕೆ ಬೀಳಲೇಬೇಕು ಅಂತಿಲ್ಲ. ಈ ವಯಸ್ಸಿನಲ್ಲಿ ಕೆನ್ನೆ ಮೇಲೆ ಭಂಗು ಇರುವವರು ಜಾಸ್ತಿ, ಅಂಥವರು ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿ, ತಲೆಗೆ ಟೋಪಿ ಹಾಕಿ ಹೋಗಲಿ. ಚರ್ಮ ಉರಿಯುವವರೆಗೆ ಯಾರೂ ನಿಲ್ಲಬೇಡಿ. ಇಂಗ್ಲೆಂಡಿನಂಥ ಕಡೆ ಇರುವ ಕನ್ನಡಿಗರಿಗೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಈ ದಾರಿಯೇ ಇಲ್ಲ, ಮಾತ್ರೆಯೇ ಗತಿ. ಅಲ್ಲಿಯ ರಿಪೋರ್ಟಿನ ಅಳತೆಯೂ ಬೇರೆ, ನಮ್ಮದು ನ್ಯಾನೋಗ್ರಾಂ ಲೆಕ್ಕ, ಅವರದು ನ್ಯಾನೋಮೋಲ್. ನಮ್ಮ 11 ಅಲ್ಲಿ ಸುಮಾರು 27 ಅಂತ ಬರುತ್ತದೆ.

ಇನ್ನು ರಾಗಿ. ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯದಲ್ಲೂ ಇಷ್ಟಿಲ್ಲ. ಆದರೆ ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಸೊಪ್ಪು, ಎಳ್ಳು, ಬೇಳೆಯಲ್ಲೂ ಇಲ್ಲ. ಡಿ ಕಡಿಮೆಯಿದ್ದರೆ ತಿಂದ ಕ್ಯಾಲ್ಸಿಯಮ್ಮಿನಲ್ಲಿ ಕರುಳು ಹೀರುವುದು ನೂರರಲ್ಲಿ 10–15 ಪಾಲು ಮಾತ್ರ. ಡಿ ಸರಿಯಿದ್ದರೆ 30–40 ಪಾಲು. ಮುದ್ದೆಯ ಪೂರ್ತಿ ಲಾಭ ಸಿಗಬೇಕಾದರೂ ಡಿ ಬೇಕು, ಅಲ್ವಾ? ಊಟದಲ್ಲಿ ಅದು ಸಿಗುವುದು ಭೂತಾಯಿ, ಬಂಗುಡೆಯಂಥ ಎಣ್ಣೆ ಮೀನಿನಲ್ಲಿ. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ, ಸುಮಾರು 40 ಯೂನಿಟ್. ‘+ಎಫ್’ ಗುರುತಿರುವ ಹಾಲಿನಲ್ಲಿ ಲೀಟರಿಗೆ 200ರಿಂದ 300 ಯೂನಿಟ್ ಸೇರಿಸಿರುತ್ತಾರೆ. ದಿನಕ್ಕೆ ಬೇಕಾದ್ದು 600. ಎರಡು ಲೋಟ ಹಾಲು ಕುಡಿದರೂ ಎಷ್ಟಾಯಿತು ನೀವೇ ನೋಡಿ. ಸಸ್ಯಾಹಾರಿ ಮನೆಯಲ್ಲಿ ಊಟದಿಂದಲೇ 11ನ್ನು ಮೇಲೆತ್ತುವುದು ಆಗದ ಮಾತು.

ಆಮೇಲೆ, 46ರಲ್ಲಿ ಇದನ್ನು ಸುಮ್ನೆ ಬಿಡಬಾರದು. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಆಸುಪಾಸು. ಅದಕ್ಕೆ ಮುಂಚಿನ ಈ ಏರುಪೇರಿನ ವರ್ಷಗಳನ್ನೇ ಪೆರಿಮೆನೋಪಾಸ್ ಅನ್ನುವುದು. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಮೂಳೆಗೆ ಕಾವಲಿದ್ದಂತೆ. ಅದು ಇಳಿದಾಗ ಮೂಳೆ ಸವೆತ ಜೋರಾಗುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದೂ ಕಡಿಮೆಯಾಗುತ್ತದೆ. ಸವೆತ ಜೋರಾಗುವುದು ಮುಟ್ಟು ನಿಂತ ಮೇಲಲ್ಲ. ಕೊನೆಯ ಮುಟ್ಟಿಗೆ ಒಂದು ವರ್ಷ ಮೊದಲೇ ಶುರುವಾಗುತ್ತದೆ. ಅಂದರೆ ನೀವು ಬಹುಶಃ ಆ ಹೊಸ್ತಿಲ ಹತ್ತಿರವೇ ಇದ್ದೀರಿ. ಡಿ 11 ಇಟ್ಟುಕೊಂಡು ಆ ವರ್ಷಗಳಿಗೆ ಕಾಲಿಡುವುದು ಬೇಡ.

ಹಾಗಾಗಿ ಡಾಕ್ಟರ್ ಬರೆದ ಪುಡಿ ತಗೊಳ್ಳಿ. ಸಾಮಾನ್ಯವಾಗಿ 60,000 ಯೂನಿಟ್ಟಿನ ಸ್ಯಾಶೆ ಅಥವಾ ಕ್ಯಾಪ್ಸೂಲ್ ಬರೆಯುತ್ತಾರೆ. ವಾರಕ್ಕೊಂದು, ಎಂಟು ವಾರ. ಆಮೇಲೆ ತಿಂಗಳಿಗೊಂದೋ, ದಿನಕ್ಕೆ ಸಣ್ಣ ಡೋಸೋ, ಅದನ್ನು ಅವರೇ ಹೇಳುತ್ತಾರೆ. ‘ವಾರಕ್ಕೊಂದು’ ಅನ್ನುವ ಮಾತನ್ನು ದಯವಿಟ್ಟು ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಚಿಕ್ಕಮ್ಮ ಬಿಪಿ ಮಾತ್ರೆಯ ಡಬ್ಬಿಯಲ್ಲೇ ಇದನ್ನೂ ಇಟ್ಟುಕೊಂಡು ನಾಲ್ಕು ದಿನದಲ್ಲಿ ನಾಲ್ಕು ನುಂಗಿದ್ದರು. ಐದನೇ ದಿನ ‘ಖಾಲಿಯಾಯ್ತು, ಇನ್ನೊಂದು ಸ್ಟ್ರಿಪ್ ತಗೊಂಬಾ’ ಅಂತ ಫೋನ್ ಮಾಡಿದಾಗಲೇ ನಮಗೆ ಗೊತ್ತಾಗಿದ್ದು. ಡಾಕ್ಟರ್ ಅಲ್ಲಿಗೇ ನಿಲ್ಲಿಸಿ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿದರು, ಪುಣ್ಯಕ್ಕೆ ಏನೂ ಆಗಿರಲಿಲ್ಲ. ಈಗ ಸ್ಟ್ರಿಪ್ ಮೇಲೆ ಒಂದೊಂದು ಗುಳಿಗೂ ಭಾನುವಾರದ ತಾರೀಖು ಬರೆದು ಕೊಡುತ್ತೇವೆ.

ನೀರಿನಲ್ಲಿ ಕರಗುವ ವಿಟಮಿನ್ ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುತ್ತದೆ. ತಿಂಗಳುಗಟ್ಟಲೆ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಕೊನೆಗೆ ಕಿಡ್ನಿಗೂ ತೊಂದರೆ. ಕಿಡ್ನಿ ಕಲ್ಲು ಆಗಿದ್ದವರು ಮೊದಲೇ ಡಾಕ್ಟರಿಗೆ ಹೇಳಿ. ‘ಒಂದೇ ಇಂಜೆಕ್ಷನ್‌ನಲ್ಲಿ 6 ಲಕ್ಷ ಯೂನಿಟ್ ಹಾಕಿಸಿಕೊಂಡುಬಿಡಿ’ ಅಂತ ಯಾರಾದರೂ ಹೇಳಿದರೆ ನಾನಾದರೆ ಒಪ್ಪುವುದಿಲ್ಲ, ಬಾಯಲ್ಲಿ ತಗೊಳ್ಳುವ ದಾರಿ ಇರುವಾಗ ಅದು ಬೇಕಾಗಿಲ್ಲ.

ಪುಡಿಯನ್ನು ಖಾಲಿ ಹೊಟ್ಟೆಯಲ್ಲಿ ತಗೊಳ್ಳೋದು ಬೇಡ. ಎಣ್ಣೆ ತುಪ್ಪ ಇರುವ ಊಟ ಆದ ಮೇಲೆ, ಇಲ್ಲವೇ ಕೆನೆ ಇರುವ ಒಂದು ಲೋಟ ಹಾಲಿನಲ್ಲಿ ಕದಡಿಕೊಂಡು ತಗೊಳ್ಳಿ, ಚೆನ್ನಾಗಿ ಹೀರುತ್ತದೆ. ಜೊತೆಗೆ ಕ್ಯಾಲ್ಸಿಯಂ ಮಾತ್ರೆ ಬರೆದಿದ್ದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಜೊತೆ ನುಂಗಬೇಡಿ. ಇಂಥ ಪುಡಿ, ಮಾತ್ರೆಗಳಲ್ಲಿರುವ ವಿಟಮಿನ್ ಡಿ-3 ಹೆಚ್ಚಾಗಿ ತಯಾರಾಗುವುದು ಕುರಿ ಉಣ್ಣೆಯ ಜಿಡ್ಡಿನಿಂದ. ಕುರಿಯನ್ನು ಕೊಲ್ಲುವುದಿಲ್ಲ, ಆದರೂ ಬೇಡ ಅನ್ನುವವರಿಗೆ ಕಲ್ಲುಹೂವಿನ ಜಾತಿಯ ಲೈಕನ್‌ನಿಂದ ಮಾಡಿದ್ದೂ ಸಿಗುತ್ತದೆ.

ಇದೆಲ್ಲ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಇಲ್ಲಿ ನಿಜ ಹೇಳಬೇಕು. ಕೆಲವು ಹೋಗುತ್ತವೆ, ಕೆಲವು ಹೋಗುವುದಿಲ್ಲ. ಡಿ ಬಹಳ ಕಡಿಮೆಯಾದಾಗ ತೊಡೆ, ಸೊಂಟದ ಸ್ನಾಯು ಬಲ ಕಳೆದುಕೊಳ್ಳುತ್ತದೆ. ನೆಲದ ಮೇಲೆ ಕೂತವರು ಏಳುವಾಗ ಕೈಯೂರಬೇಕಾಗುತ್ತದೆ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕಾಗುತ್ತದೆ, ಮೊಣಕಾಲ ಕೆಳಗಿನ ಮೂಳೆ ಒತ್ತಿದರೆ ನೋಯುತ್ತದೆ. ಇಂಥ ನೋವು ಡಿ ಏರಿದಂತೆ ತಿಂಗಳೆರಡು ತಿಂಗಳಲ್ಲಿ ಇಳಿಯುತ್ತಾ ಬರುತ್ತದೆ. ಆದರೆ ರಾತ್ರಿ ಮೈ ಧಗಧಗ ಅಂದು ಬೆವತು ಎಚ್ಚರವಾಗುವುದು, ಸಿಡುಕು, ಮುಟ್ಟಿನ ಏರುಪೇರು ಇವು ಹಾರ್ಮೋನಿನ ಕೆಲಸ. ಅದಕ್ಕೆ ಈ ಪುಡಿ ಮದ್ದಲ್ಲ. ಅದಕ್ಕೆ ಬೇರೆ ಚಿಕಿತ್ಸೆ ಇದೆ, ಸ್ತ್ರೀರೋಗ ತಜ್ಞರ ಹತ್ತಿರ ಬಿಡಿಸಿ ಕೇಳಿ. ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಅಂತ ಸಹಿಸಿಕೊಂಡು ಕೂರಬೇಡಿ.

ಸುಸ್ತಿಗೂ ಡಿ ಒಂದೇ ಕಾರಣ ಅಂದುಕೊಳ್ಳಬೇಡಿ. ನಿಮಗೆ 22 ದಿನಕ್ಕೇ ಮುಟ್ಟು ಬರುತ್ತಿದೆ. ಹೋಗುವುದೂ ಜಾಸ್ತಿಯಿದ್ದರೆ, ಗಂಟೆಗೊಂದು ಪ್ಯಾಡ್ ಬದಲಿಸುವಂತಿದ್ದರೆ, ಗಡ್ಡೆ ಬೀಳುತ್ತಿದ್ದರೆ ರಕ್ತ ಕಡಿಮೆಯಾಗಿರುವ ಸಾಧ್ಯತೆ ತುಂಬಾ ಇದೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಪರೀಕ್ಷೆ), ಥೈರಾಯ್ಡ್, ಸಸ್ಯಾಹಾರಿಯಾಗಿದ್ದರೆ ಬಿ-12 ಕೂಡ ನೋಡಿಸಿ. ಡಿ 11 ಅಂತ ಕಂಡ ತಕ್ಷಣ ಎಲ್ಲ ದೂರನ್ನೂ ಅದರ ತಲೆಗೆ ಕಟ್ಟಿ, ಹಿಮೋಗ್ಲೋಬಿನ್ 8 ಇದ್ದದ್ದು ಆರು ತಿಂಗಳು ಯಾರ ಕಣ್ಣಿಗೂ ಬೀಳದೆ ಹೋದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಬಹಳ ಬೇಜಾರಾಗುತ್ತದೆ.

ಇದನ್ನು ಓದುತ್ತಿರುವ, ರಿಪೋರ್ಟಿನಲ್ಲಿ 24 ಅಂತ ಬಂದು ಗಾಬರಿಯಾಗಿರುವವರಿಗೂ ಒಂದು ಮಾತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುವುದನ್ನು ಹೆಚ್ಚಿನವರು ಒಪ್ಪುತ್ತಾರೆ. 20ರಿಂದ 30ರ ನಡುವೆ ತಜ್ಞರಲ್ಲೇ ಒಮ್ಮತವಿಲ್ಲ, ಲ್ಯಾಬಿನ ಕಾಗದದಲ್ಲಿ ಕೆಂಪು ಅಕ್ಷರ ಬಂದ ಮಾತ್ರಕ್ಕೆ ಕಾಯಿಲೆಯಲ್ಲ. ಅಮೆರಿಕದಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದಿನಾ 2,000 ಯೂನಿಟ್ ಡಿ ಅಥವಾ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿದರು. ಡಿ ಕೊರತೆ ಇದೆಯೋ ಇಲ್ಲವೋ ನೋಡದೆ ಆರಿಸಿದ ಜನ ಅವರು. 2022ರಲ್ಲಿ ಬಂದ ಆ ಫಲಿತಾಂಶದ ಪ್ರಕಾರ ಮೂಳೆ ಮುರಿತ ಕಡಿಮೆಯಾಗಲಿಲ್ಲ. ಕೊರತೆ ಇದ್ದವರಿಗೆ ತುಂಬಿಸಬೇಕು, ಸಾಕಷ್ಟಿರುವವರಿಗೆ ಇನ್ನಷ್ಟು ಸುರಿದರೆ ಲಾಭವಿಲ್ಲ.

ಮೂಳೆಗೆ ಬೇಕಾದ ಇನ್ನೊಂದು ವಿಷಯ ಅಂದರೆ ಭಾರ ಹೊರುವ ವ್ಯಾಯಾಮ. ಬರೀ ವಾಕಿಂಗ್ ಸಾಲದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದರಿಂದ ಶುರು ಮಾಡಿ, ಆಮೇಲೆ ಎರಡು ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಮಾಡಿ.

ಡಿ ಪರೀಕ್ಷೆಯನ್ನು ಮತ್ತೆ ಮಾಡಿಸುವುದು ಮೂರು ತಿಂಗಳಾದ ಮೇಲೆ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ. ಆಗ 30 ದಾಟಿಯೂ ನೋವು ಹಾಗೇ ಇದ್ದರೆ ಇನ್ನೊಂದು ಕೋರ್ಸ್ ಸ್ಯಾಶೆ ತರಿಸಬೇಡಿ. ನೋವಿಗೆ ಬೇರೆ ಕಾರಣ ಹುಡುಕಲು ಡಾಕ್ಟರ್ ಹತ್ತಿರ ಹೋಗಿ.